ಎಲೆಯ ಬೆಲೆ

ಇಸ್ಪೀಟೆಂದರೆ ನಮ್ಮ ಕಾಲದಲ್ಲಿ ಹೆಂಗಸರು ಮುಟ್ಟಬಾರದ ವಸ್ತು. ಮುಟ್ಟಬಾರದೆಂದರೆ ನೋಡಬಾರದು ಎಂದೇನೂ ಅಲ್ಲವಲ್ಲ! ಮದುವೆ ಮನೆಗಳಲ್ಲಿ ಗಂಡಸರು ಜಮಖಾನ ಹಾಸಿ ಕೂತಾಗ, ಕಾಫಿ ಲೋಟ ಎತ್ತುವ ನೆಪದಲ್ಲಿ ಬಾಗಿಲ ಬಳಿ ನಿಂತು ಆಟ ಕಲಿತವರು ನಮ್ಮಲ್ಲಿ ಎಷ್ಟೋ ಮಂದಿ. ಹಾಗೆ ನಿಂತು ಕಲಿತದ್ದರಲ್ಲಿ ನನಗೆ ಸೋಜಿಗವೆನಿಸಿದ್ದು ಇಪ್ಪತ್ತೆಂಟರ ಆಟ. ಅದರಲ್ಲಿ ಕಿರೀಟ ಹೊತ್ತ ರಾಜ ರಾಣಿಯರಿಗೆ ಸೊನ್ನೆ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಜಾತಿಯೂ ಸೇರಿ 28. ಲೋಕದ ಲೆಕ್ಕ ತಲೆಕೆಳಗಾದರೂ ಅಲ್ಲೊಂದು ನೆಮ್ಮದಿಯಿದೆ: ಯಾವ ಎಲೆಗೆ ಎಷ್ಟು ಬೆಲೆಯೆಂಬುದು ಆಟಕ್ಕೆ ಕೂರುವ ಮೊದಲೇ ಎಲ್ಲರಿಗೂ ಗೊತ್ತು.

ಆ ನೆಮ್ಮದಿಯನ್ನು ಕಲಕಿದವಳು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮನ ಮಗಳು. 2021ರ ದಸರೆಗೆ ತಿಪಟೂರಿನ ನನ್ನ ತವರುಮನೆಗೆ ಎಲ್ಲರೂ ಸೇರಿದ್ದಾಗ 500 ಎಲೆಗಳ ದೊಡ್ಡದೊಂದು ಪೆಟ್ಟಿಗೆ ತಂದಳು. ಆಟದ ಹೆಸರು ಡೊಮಿನಿಯನ್. ರೂಪಿಸಿದವರು ಅಮೆರಿಕದ ಡೊನಾಲ್ಡ್ ಎಕ್ಸ್. ವ್ಯಾಕರಿನೊ, ಹೊರಬಂದದ್ದು 2008ರಲ್ಲಿ. ಮರುವರ್ಷವೇ ಜರ್ಮನಿಯಲ್ಲಿ 'ವರ್ಷದ ಆಟ' ಎಂಬ ಪ್ರಶಸ್ತಿ ಗಳಿಸಿತು. ಇದರಲ್ಲಿ ಎಲ್ಲರೂ ಒಂದೇ ಕಟ್ಟು ಹಂಚಿಕೊಂಡು ಆಡುವುದಿಲ್ಲ. ಪ್ರತಿಯೊಬ್ಬರೂ ಆಡುತ್ತ ಆಡುತ್ತ ತಮ್ಮ ತಮ್ಮ ಕಟ್ಟನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಹೊಸದಾಗಿ ಸಂಸಾರ ಹೂಡಿದ ಹಾಗೆ ಎನ್ನಿ.

ಎಲ್ಲರಿಗೂ ಮೊದಲು ಸಿಗುವುದು 10 ಎಲೆ. ಏಳು ತಾಮ್ರದ ನಾಣ್ಯ, ಮೂರು ಎಸ್ಟೇಟ್. ಎಸ್ಟೇಟನ್ನು ನಾನು ತುಂಡು ಜಮೀನು ಎಂದೆ. ಕೊನೆಯ ಎಣಿಕೆಯಲ್ಲಿ ಅದಕ್ಕೆ ಒಂದೊಂದು ಅಂಕವುಂಟು, ಅಲ್ಲಿಯವರೆಗೆ ಕೈಯಲ್ಲಿ ಸುಮ್ಮನೆ ಕೂತಿರುತ್ತದೆ. ಸರದಿ ಬಂದಾಗ ಕೈಯಲ್ಲಿ 5 ಎಲೆ. ಒಂದು ಕೆಲಸದ ಎಲೆ ಆಡಬಹುದು, ನಾಣ್ಯ ಎಷ್ಟಿದೆಯೋ ಅಷ್ಟರೊಳಗೆ ನಡುವಿನ ರಾಶಿಗಳಿಂದ ಒಂದು ಎಲೆ ಕೊಳ್ಳಬಹುದು. ಆಮೇಲೆ ಆಡಿದ್ದು, ಕೊಂಡದ್ದು, ಉಳಿದದ್ದು ಎಲ್ಲವೂ ಪಕ್ಕಕ್ಕೆ. ಹೊಸ ಐದು ಎಲೆ ಕೈಗೆ. ಕಟ್ಟು ಮುಗಿದಾಗ ಪಕ್ಕಕ್ಕಿಟ್ಟದ್ದನ್ನೇ ಕಲೆಸಿ ಮತ್ತೆ ಕಟ್ಟು ಮಾಡಬೇಕು. ಕೊಂಡ ಎಲೆ ಹೀಗೆ ಸುತ್ತಿ ಬಂದು ಕೈಗೆ ಸಿಗುತ್ತದೆ. 8 ನಾಣ್ಯ ಕೂಡಿಸಿ ಪ್ರಾಂತದ ಎಲೆ ಕೊಳ್ಳುವುದೇ ದೊಡ್ಡ ಗುರಿ. ಒಂದೊಂದು ಪ್ರಾಂತಕ್ಕೂ 6 ಅಂಕ. ಪ್ರಾಂತಗಳು ಮುಗಿದರೆ, ಇಲ್ಲವೇ ಯಾವುದಾದರೂ ಮೂರು ರಾಶಿ ಖಾಲಿಯಾದರೆ, ಆಟವೂ ಮುಗಿಯಿತು.

ಆಡಲು ಕೂತವರು ಮೂವರು: ನಾನು, ಹುಡುಗಿ, ಮತ್ತು ನಮ್ಮ ದೊಡ್ಡತ್ತಿಗೆ. ದೊಡ್ಡತ್ತಿಗೆಗೆ ಇಂಗ್ಲಿಷ್ ಬಾರದು. ಯಾವ ಎಲೆ ಏನು ಮಾಡುತ್ತದೆಂದು ಹುಡುಗಿ ಒಂದೊಂದಾಗಿ ಹೇಳುತ್ತಾ ಹೋದಳು. ಚಾಪೆಲ್ ಎಂಬುದೊಂದು ಎಲೆ, ಅಂದರೆ ಪುಟ್ಟ ಪ್ರಾರ್ಥನಾಮಂದಿರ. ಬೆಲೆ 2. ನಾಣ್ಯ ಕೊಡುವುದಿಲ್ಲ, ಅಂಕ ಕೊಡುವುದಿಲ್ಲ. ಅದನ್ನು ಆಡಿದರೆ ಕೈಯಲ್ಲಿರುವ ನಾಲ್ಕು ಎಲೆಗಳವರೆಗೆ ಆಟದಿಂದಲೇ ಆಚೆ ಹಾಕಬಹುದು, ಅಷ್ಟೆ.

"ಬೇಡದ್ದನ್ನ ಆಚೆ ಹಾಕೋ ಎಲೆ ಎರಡೇ ಕಾಸಿಗಾ? ಕೊಡೇ ಇಲ್ಲಿ," ಎಂದರು ದೊಡ್ಡತ್ತಿಗೆ.

"ದೊಡ್ಡಮ್ಮಾ, ಇದು ಎಷ್ಟು ಜೋರು ಎಲೆ ಅಂತ ಗೊತ್ತಾಗೋಕೆ ನನಗೆ ಒಂದು ತಿಂಗಳು ಹಿಡೀತು!" ಎಂದು ಹುಡುಗಿ ಕಣ್ಣರಳಿಸಿದಳು.

ಅದರ ಗುಟ್ಟು ಸಣ್ಣ ಲೆಕ್ಕದಲ್ಲಿದೆ. 10 ಎಲೆಯಲ್ಲಿ 7 ನಾಣ್ಯವೆಂದರೆ ಐದರ ಕೈಗೆ ಸರಾಸರಿ ಮೂರೂವರೆ. 3 ಕೊಟ್ಟು ಬೆಳ್ಳಿಯ ಎಲೆ ಕೊಂಡೆವೆನ್ನಿ, ಅದಕ್ಕೆ 2 ನಾಣ್ಯ. ಈಗ 11 ಎಲೆಗೆ 9. ಐದರ ಕೈಗೆ ಸುಮಾರು 4.1. ಬೆಳ್ಳಿಯ ಬದಲು ಚಾಪೆಲ್ ಕೊಂಡು ಮೂರೂ ತುಂಡು ಜಮೀನನ್ನು ಆಚೆ ಹಾಕಿದರೆ? ಚಾಪೆಲನ್ನೂ ಸೇರಿಸಿ 8 ಎಲೆಗೆ 7. ಐದಕ್ಕೆ ಸುಮಾರು 4.4. ತಂದುಕೊಡುವ ಎಲೆಗಿಂತ ತೆಗೆದುಹಾಕುವ ಎಲೆ ಒಂದು ಕೂದಲೆಳೆ ಮುಂದೆ! ಹೋದ 3 ಅಂಕವನ್ನು ಒಂದೇ ಪ್ರಾಂತ ಎರಡರಷ್ಟಾಗಿ ತುಂಬಿಕೊಡುತ್ತದೆ. ಕಾಯಿ ಅಟ್ಟಕ್ಕೆ ಹಾಕುವಾಗ ಬಿರುಕು ಬಿಟ್ಟದ್ದನ್ನು ಆರಿಸಿ ತೆಗೆದು ಅಭ್ಯಾಸವಾದ ಕೈಗೆ ಈ ಲೆಕ್ಕ ಬರೆದು ತೋರಿಸಬೇಕಾಗಿರಲಿಲ್ಲ.

ಮುಂದಿನ ಹೆಜ್ಜೆ ಇನ್ನೂ ನಿಷ್ಠುರವಾದದ್ದು. ಐದು ಎಲೆಯಲ್ಲಿ 8 ನಾಣ್ಯ ಬೇಕೆಂದರೆ ಒಂದೊಂದು ಎಲೆಯೂ ಸರಾಸರಿ 1.6 ತರಬೇಕು. ತಾಮ್ರ ತರುವುದು 1. ಐದಕ್ಕೈದೂ ತಾಮ್ರವೇ ಬಂದರೂ 5 ನಾಣ್ಯ. ಪ್ರಾಂತ ಕಣ್ಣಿಗೆ ಕಾಣುವುದಷ್ಟೇ. ಅಂದಮೇಲೆ ಮೊದಲ ಬೆಳ್ಳಿಯನ್ನು ಕೊಡಿಸಿದ ಅದೇ ತಾಮ್ರ, ಬೆಳ್ಳಿ ಚಿನ್ನ ಸೇರಿದ ಮೇಲೆ ಅವುಗಳ ದಾರಿಗೆ ಅಡ್ಡ ಕೂರುತ್ತದೆ. ಬಲ್ಲವರು ತಾಮ್ರವನ್ನೂ ಚಾಪೆಲಿಗೆ ಒಪ್ಪಿಸುತ್ತಾರೆ.

ಕಾಲವೂ ಬೆಲೆಯನ್ನು ಬದಲಿಸುತ್ತದೆ. ಮೊದಲ ಸುತ್ತಿನಲ್ಲಿ ಮುತ್ತಿನಂಥ ಚಾಪೆಲ್ ಕೊನೆಯಲ್ಲಿ ಕಸ. 6 ಕೊಟ್ಟು ತಂದ ಚಿನ್ನವೂ ಅಷ್ಟೆ. ಪ್ರಾಂತಗಳು ಒಂದೆರಡೇ ಉಳಿದಿದ್ದರೆ, ಆ ಚಿನ್ನ ಕಟ್ಟಿನಲ್ಲಿ ಸುತ್ತಿ ಕೈಗೆ ಬರುವುದರೊಳಗೆ ಆಟವೇ ಮುಗಿದಿರುತ್ತದೆ. ಮಗಳ ಮದುವೆ ಮುಗಿದ ಮೇಲೆ ಕೈಗೆ ಬಂದ ಚೀಟಿ ಹಣದಂತೆ.

ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು 'ವಿಲೇಜ್' ಎಂಬ ಎಲೆ. ನಾವು ಅದಕ್ಕೆ ಹಳ್ಳಿ ಎಂದೆವು. ಬೆಲೆ 3. ಆಡಿದರೆ ಒಂದು ಎಲೆ ಕೈಗೆ ಬರುತ್ತದೆ, ಮತ್ತೆ ಎರಡು ಕೆಲಸದ ಎಲೆ ಆಡುವ ಹಕ್ಕು ಸಿಗುತ್ತದೆ. ನಾಣ್ಯವಿಲ್ಲ, ಅಂಕವಿಲ್ಲ. ಅದೇ ಮೂರಕ್ಕೆ ಬೆಳ್ಳಿ ಸಿಗುವಾಗ ಇದನ್ನು ಯಾರು ಕೊಳ್ಳುತ್ತಾರೆ? ಆಟ ನೋಡುತ್ತಾ ಕೂತಿದ್ದ ನನ್ನ ತಮ್ಮ ಕೇಳಿಯೇಬಿಟ್ಟ, "ಇದರಿಂದ ಏನೇ ಹುಟ್ಟುತ್ತೆ?"

ಹುಡುಗಿ ಬಾಯಲ್ಲಿ ಹೇಳಲಿಲ್ಲ, ಎಲೆ ಜೋಡಿಸಿ ತೋರಿಸಿದಳು. ಕಮ್ಮಾರನ ಕುಲುಮೆ ಎಂಬ ಎಲೆಗೆ ಬೆಲೆ 4. ಆಡಿದರೆ ಮೂರು ಎಲೆ ಬರುತ್ತದೆ. ಕೈಗೆ ಎರಡು ಕುಲುಮೆ ಬಂದವೆನ್ನಿ. ಆಡಬಹುದಾದ ಕೆಲಸ ಒಂದೇ ಆದ್ದರಿಂದ ಒಂದು ಉರಿಯುತ್ತದೆ, ಇನ್ನೊಂದು ತಣ್ಣಗೆ ಬಿದ್ದಿರುತ್ತದೆ. ಜೊತೆಗೊಂದು ಹಳ್ಳಿ ಇದ್ದರೆ ಎರಡೂ ಉರಿಯುತ್ತವೆ: ಹಳ್ಳಿಯಿಂದ ಒಂದು, ಕುಲುಮೆಗಳಿಂದ ಆರು, ಒಟ್ಟು 7 ಎಲೆ ಕೈಗೆ. ಲೆಕ್ಕ ಬರೆಯುವವರು ಆ ಆರನ್ನೂ ಕುಲುಮೆಗಳ ಹೆಸರಿಗೇ ಬರೆಯುತ್ತಾರೆ. ಹಾಗೆಂದು ಹಳ್ಳಿ ಯಾವಾಗಲೂ ಮೇಲೆಂದಲ್ಲ. ಕಟ್ಟಿನಲ್ಲಿ ಒಂದೇ ಒಂದು ಕುಲುಮೆ ಇದ್ದರೆ ಹಳ್ಳಿಗಿಂತ ಬೆಳ್ಳಿಯೇ ವಾಸಿ. ಹಳ್ಳಿಯ ಬೆಲೆ ಅದರ ಮೇಲೆ ಬರೆದಿಲ್ಲ; ಅದರ ಜೊತೆಯಲ್ಲಿ ಯಾರ್ಯಾರು ಇದ್ದಾರೆಂಬುದರಲ್ಲಿದೆ.

ಇದಾಗಿ ಎರಡು ವರ್ಷಕ್ಕೆ, 2023ರಲ್ಲಿ, ತವರಿನಲ್ಲಿ ಪಾಲಿನ ಮಾತು ಬಂತು. ದೊಡ್ಡಣ್ಣ 2019ರಲ್ಲೇ ತೀರಿಕೊಂಡಿದ್ದ. ದೊಡ್ಡತ್ತಿಗೆಗೆ ಮಕ್ಕಳಿಲ್ಲ. ಹಿರಿಯರು, ಕಿರಿಯರು, ಲೆಕ್ಕ ಬಲ್ಲವರು ಎಲ್ಲರೂ ಪಡಸಾಲೆಯಲ್ಲಿ ಕೂತರು. ಒಬ್ಬರು ಮೆತ್ತಗೆ ಹೇಳಿದರು: "ಅವರಿಗ್ಯಾಕೆ ಪಾಲು? ತಿಂಗಳಿಗಿಷ್ಟು ಅಂತ ಕೊಟ್ಟರಾಯ್ತು. ಅವರೇನು ದುಡಿದು ತಂದಿದ್ದಾರೆಯೇ?"

ದೊಡ್ಡತ್ತಿಗೆ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದರು. ಕೇಳಿಸಿರಲೇಬೇಕು.

ಹೌದು, ಅವರು ಒಂದು ರೂಪಾಯಿಯನ್ನೂ ದುಡಿದು ತಂದವರಲ್ಲ. ಆದರೆ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗುವ ಕೊಬ್ಬರಿಯಲ್ಲಿ ಯಾವ ರಾಶಿ ಯಾವಾಗ ಹಾಕಿದ್ದು, ಯಾವುದನ್ನು ಮೊದಲು ಸುಲಿಸಬೇಕು ಎಂಬುದು ಅವರ ಬಾಯಲ್ಲಿತ್ತು. ಆಳುಗಳ ಊಟ, ಅಮ್ಮನ ಔಷಧಿ, ಬಾಣಂತಿಯರ ಆರೈಕೆ ಅವರ ಕೈಯಲ್ಲಿತ್ತು. ಆದ್ದರಿಂದಲೇ ದೊಡ್ಡಣ್ಣ ನಿಶ್ಚಿಂತೆಯಿಂದ ಮಂಡಿಗೆ ಹೋದ, ಒಬ್ಬ ತಮ್ಮ ಮೇಷ್ಟರಾದ, ಇನ್ನೊಬ್ಬ ತೋಟ ನೋಡಿಕೊಂಡ. "ನೀನು ಓದ್ಕೋ ಹೋಗು, ಪಾತ್ರೆ ನಾನು ನೋಡ್ಕೋತೀನಿ," ಎಂದು ಅವರು ಹೇಳಿದ್ದರಿಂದಲೇ ನಾನು ಬಿ.ಎ. ಮುಗಿಸಿ ಕೆಲಸಕ್ಕೆ ಸೇರಿದೆ. ನಮ್ಮೆಲ್ಲರ ಸಂಪಾದನೆ ನಮ್ಮ ನಮ್ಮ ಹೆಸರಿನಲ್ಲಿ ಬರೆದುಕೊಂಡಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ.

ನಾನು ಎದ್ದು ಇದನ್ನೆಲ್ಲ ಒಂದೊಂದಾಗಿ ಎಣಿಸಿ ಹೇಳಿದೆ. ಕುಲುಮೆ, ಹಳ್ಳಿ ಎಂದರೆ ಪಡಸಾಲೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಬಾಗಿಲಲ್ಲಿ ನಿಂತಿದ್ದ ತಮ್ಮನ ಮಗಳಿಗೆ ತಿಳಿಯಿತು. "ದೊಡ್ಡಮ್ಮನಿಗೆ ಸರಿಸಮ ಪಾಲು ಬರಬೇಕು," ಎಂದು ಅವಳು ದನಿಗೂಡಿಸಿದಳು. ಅವಳ ಅಪ್ಪ ಮಗಳ ಮುಖ ನೋಡಿದ, ತಲೆ ತಗ್ಗಿಸಿದ, ಆಮೇಲೆ "ಸರಿ, ಹಾಗೇ ಬರೆಯಿರಿ," ಎಂದ.

"ವಯಸ್ಸಾಯಿತಲ್ಲ, ಇನ್ನು ಅವರಿಂದ ಆಗಬೇಕಾದದ್ದೇನು?" ಎಂಬ ಗೊಣಗೂ ಅಂದು ಕೇಳಿಬಂತು. ಇದು ತಾಮ್ರದ ಲೆಕ್ಕ. ಆಟದಲ್ಲಿ ಅದು ನ್ಯಾಯವೇ. ಮುಂದಿನ ಕೈಗೆ ಏನು ಬರುತ್ತದೆಂಬುದಷ್ಟೇ ಅಲ್ಲಿ ಪ್ರಶ್ನೆ, ಹಿಂದೆ ಯಾವ ಎಲೆ ಏನು ಕೊಡಿಸಿತೆಂದು ಯಾರೂ ಕೇಳುವುದಿಲ್ಲ. ನಾನೂ ತಾಮ್ರವನ್ನು ಕೈ ನಡುಗದೆ ಆಚೆ ಹಾಕುತ್ತೇನೆ, ಮನೆಯ ಹಳೆಯ ಟ್ರಂಕು ತಪ್ಪಲೆಗಳನ್ನೂ ಹಾಕಿದ್ದೇನೆ. ಆದರೆ ಮನುಷ್ಯರ ವಿಷಯಕ್ಕೆ ಬಂದಾಗ ಹಿಂದಿನ ಸುತ್ತುಗಳನ್ನೂ ಎಣಿಸಬೇಕು. ಆಟದಿಂದ ಎಷ್ಟು ಕಲಿಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಾವೇ ಗೊತ್ತುಮಾಡಿಕೊಳ್ಳಬೇಕಲ್ಲವೇ?

ಪತ್ರ ಬರೆಸುವ ದಿನ ದೊಡ್ಡತ್ತಿಗೆ ಕೇಳಿದ್ದು ಎರಡೇ. ಬಾವಿಯ ಕಡೆಯ ಕೋಣೆ ತಮಗಿರಲಿ ಎಂಬುದೊಂದು. ಇನ್ನೊಂದು, "ನನ್ನ ಹೆಸರನ್ನ 'ಇಂಥವರ ಹೆಂಡತಿ' ಅಂತ ಮಾತ್ರ ಬರೀಬೇಡಿ, ಹೆಸರೂ ಹಾಕಿ." ಹಾಕಿಸಿದೆವು. ಸಹಿ ಮಾಡುವಾಗ ಕನ್ನಡಕ ಮೂಗಿನ ಮೇಲೆ ಏರಿಸಿಕೊಂಡು, ಒಂದೊಂದೇ ಅಕ್ಷರವನ್ನು ದುಂಡಗೆ ಬರೆದರು.