ಕಾವಲಿನ ದುಡ್ಡು

ಮೊನ್ನೆ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಸ್ಸಲ್ಲಿ ಹೋಗ್ತಿದ್ದೆ. ಪಕ್ಕದಲ್ಲಿ ಹೈಸ್ಕೂಲ್ ಗೆಳೆಯ. ಕ್ರಿಶ್ಚಿಯನ್. ಕ್ರಿಸ್‌ಮಸ್‌ಗೆ ಅವನ ಮನೆಯಿಂದ ಕೇಕು, ಯುಗಾದಿಗೆ ನಮ್ಮನೆಯಿಂದ ಒಬ್ಬಟ್ಟು.. ಮೂವತ್ತು ವರ್ಷದ ಲೆಕ್ಕ ನಮ್ಮದು. ತೆರಕಣಾಂಬಿ ದಾಟಿದ ಮೇಲೆ ಹೇಳಿದ, ಅವರ ಪುಟ್ಟ ಪ್ರಾರ್ಥನಾ ಮಂದಿರಕ್ಕೆ ಕ್ಯಾಮೆರಾ ಹಾಕಿಸ್ತಿದಾರಂತೆ, ಮನೆಗಿಷ್ಟು ಅಂತ ಚಂದಾ ಎತ್ತಿ.

"ಯಾಕ್ಲಾ, ಏನಾರ ಆಯ್ತಾ?"

"ಏನೂ ಆಗಿಲ್ಲ ಕಣ್ಲಾ. ಆಗ್ದೇ ಇರ್ಲಿ ಅಂತ." ನಗ್ತಾನೇ ಹೇಳಿದ. ನನಗೆ ನಗು ಬರಲಿಲ್ಲ.

2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಚರ್ಚ್ ಹತ್ತಿರ ಕ್ರೈಸ್ತ ಸನ್ಯಾಸಿನಿಯರ ಮಠದ ಪ್ರಾರ್ಥನಾಲಯಕ್ಕೆ ನುಗ್ಗಿ ಶಿಲುಬೆ ಒಡೆದಿದ್ದರು. ಅದೇ ದಿನ ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳಲ್ಲೂ ದಾಳಿ. ಮತಾಂತರ ಮಾಡ್ತಾರೆ ಅನ್ನೋದು ನೆಪ. ಪ್ರತಿಭಟಿಸಿದವರಿಗೇ ಪೊಲೀಸರ ಲಾಠಿ ಏಟು! ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ವಿಚಾರಣೆ ನಡೆಸಿ 2011ರಲ್ಲಿ ಅಂತಿಮ ವರದಿ ಕೊಟ್ಟಿತು. ಆಗ ನಾನು ಬೆಂಗಳೂರಲ್ಲಿದ್ದೆ. ಟೀವಿ ನೋಡಿ ಇವನಿಗೆ ಫೋನ್ ಮಾಡಿದ್ರೆ, "ನಮ್ಮೂರಲ್ಲಿ ಯಾರ್ ಏನ್ ಮಾಡ್ತಾರೆ ಬುಡು" ಅಂದಿದ್ದ. ಅದೇ ಮನುಷ್ಯ ಈಗ ಕ್ಯಾಮೆರಾಗೆ ರಸೀತಿ ಪುಸ್ತಕ ಹಿಡ್ಕೊಂಡಿದಾನೆ.

ಚಾಮರಾಜನಗರದಲ್ಲಿ ಅವನು ಅಂಗಡಿಗೆ ಹೋದ. ನನಗೆ ಒಂದು ಗಂಟೆ ಬಿಡುವಿತ್ತು, ಪಾರ್ಶ್ವನಾಥ ಬಸದಿಗೆ ಹೋದೆ. 1117ರಲ್ಲಿ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯ ಕಟ್ಟಿಸಿದ್ದು. ಒಳಗೆ ಒಬ್ಬರೂ ಇರಲಿಲ್ಲ. ಸುಮ್ಮನೆ ಕೂತಾಗ ಶ್ರವಣಬೆಳಗೊಳದ 1368ರ ಶಾಸನ ನೆನಪಾಯ್ತು. ಶ್ರೀವೈಷ್ಣವರಿಂದ ಅನ್ಯಾಯ ಆಗ್ತಿದೆ ಅಂತ ಆನೆಗೊಂದಿ, ಪೆನುಗೊಂಡೆ ಕಡೆಯ ಜೈನರು ಬುಕ್ಕರಾಯನಿಗೆ ದೂರು ಕೊಡ್ತಾರೆ. ರಾಜ ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡಕ್ಕೂ ಭೇದವಿಲ್ಲ, ಜೈನರಿಗಾದ ಹಾನಿ ನಿಮಗೇ ಆದ ಹಾನಿ ಅಂತಾನೆ. ಸ್ಕೂಲಲ್ಲಿ ಮೇಷ್ಟ್ರು ಇಷ್ಟೇ ಹೇಳಿದ್ದು. ಶಾಸನ ಅಲ್ಲಿಗೆ ಮುಗಿಯಲ್ಲ. ಬೆಳಗೊಳದ ದೇವರ ಕಾವಲಿಗೆ 20 ಆಳು ಇಡಬೇಕು, ಮಿಕ್ಕ ದುಡ್ಡಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಆಳುಗಳನ್ನು ನೇಮಿಸೋ ಹೊಣೆ ತಿರುಮಲೆಯ ತಾತಯ್ಯನದು, ಅಂದ್ರೆ ದೂರು ಯಾರ ಮೇಲಿತ್ತೋ ಆ ಕಡೆಯವರದ್ದೇ! ಇದು ನನಗೆ ಬಹಳ ಇಷ್ಟ. ಆದ್ರೆ ದುಡ್ಡು? ರಾಜ್ಯದ ಜೈನರೇ ಮನೆಗೆ ವರ್ಷಕ್ಕೊಂದು ಹಣ ಕೊಡಬೇಕು.

ಏಟು ತಿಂದವರದ್ದೇ ಖರ್ಚು, ಆಗಲೂ..

ಈಗ ರಾಜರಿಲ್ಲ. ಗುಂಪು ಹಿಂಸೆ ತಡೆಯೋಕೆ ಪ್ರತಿ ಜಿಲ್ಲೆಯಲ್ಲೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಇರಬೇಕು ಅಂತ 2018ರ ಜುಲೈನಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಗೆಳೆಯನಿಗೆ ಇದು ಗೊತ್ತಿರಲಿಲ್ಲ. ನಿಜ ಹೇಳ್ಬೇಕಂದ್ರೆ ನಾನೂ ಇತ್ತೀಚೆಗೆ ಓದಿದ್ದು.

ವಾಪಸ್ ಬರುವಾಗ ರಸೀತಿ ಪುಸ್ತಕ ಕೇಳಿದೆ.

"ನೀನ್ಯಾಕ್ಲಾ ಕೊಟ್ಟೀಯೆ? ನಮ್ ಕ್ಯಾಮೆರಾಗೆ?"

"ಯಾರಿಗೆ ಹೆದ್ರಿ ಹಾಕಿಸ್ತಿದೀಯೋ ಅವ್ರು ನಮ್ ಕಡೆಯವ್ರೇ ಅಲ್ವೇನ್ಲಾ" ಅಂದೆ. ಅವನು ಮಾತಾಡಲಿಲ್ಲ, ಕಿಟಕಿ ಕಡೆ ತಿರುಗಿದ. ಸ್ವಲ್ಪ ಹೊತ್ತಾದ ಮೇಲೆ ಪೆನ್ನು ತೆಗೆದ.