ತವರಿಲ್ಲದ ಪದ

ಊಟವಾದ ಮೇಲೆ ಕೆಲವರಿಗೆ ಎಲೆಯಡಿಕೆ ಬೇಕು, ನನಗೆ ನಿಘಂಟು. ಅರ್ಥ ಹುಡುಕುವುದಕ್ಕಲ್ಲ, ಓದುವುದಕ್ಕೆ. ಚಾಪೆಯ ಮೇಲೆ ಬೋರಲು ಮಲಗಿ, ಪುಟ ಎಲ್ಲಿ ತೆರೆದುಕೊಂಡಿತೋ ಅಲ್ಲಿಂದ ಶುರು. "ಕಥೆ ಎಲ್ಲಿಗೆ ಬಂತು?" ಎಂದು ಮನೆಯವಳು ಕೆಣಕುತ್ತಾಳೆ. ಇದರಲ್ಲೂ ಕಥೆ ಇರುತ್ತದೆ ಮಾರಾಯ್ತಿ, ಕೇಳು ಎಂದು ಒಮ್ಮೆ 'ಡಾರ್ಡ್' ಕಥೆ ಹೇಳಿದೆ.

1934ರಲ್ಲಿ ಬಂದ ವೆಬ್‌ಸ್ಟರ್ ಮಹಾನಿಘಂಟಿನ ಎರಡನೇ ಆವೃತ್ತಿ, ಪುಟ 771. ಒಂದು ಪಕ್ಕದಲ್ಲಿ ಚಿಕ್ಕ ಕಾಂಗರೂ ಜಾತಿಯೊಂದರ ಹೆಸರು, ಇನ್ನೊಂದು ಪಕ್ಕದಲ್ಲಿ ಹೊಂಬಣ್ಣದ್ದು ಎಂಬರ್ಥದ ಪದ. ನಡುವೆ ಗಂಭೀರವಾಗಿ ಕೂತಿದ್ದ ಡಾರ್ಡ್. ಅರ್ಥ, ಸಾಂದ್ರತೆ. ನಾಮಪದವೆಂಬ ಗುರುತಿತ್ತು, ಉಚ್ಚಾರಣೆ ಇತ್ತು. ಎಲ್ಲಿಂದ ಬಂತು ಎಂಬುದೊಂದೇ ಇರಲಿಲ್ಲ.

ಕಿಟೆಲ್ ಅವರ 1894ರ ನಿಘಂಟಿನಲ್ಲಿ ಒಂದು ಅಚ್ಚಗನ್ನಡ ಪದವನ್ನು ಮುಟ್ಟಿ ನೋಡಿ. ತುಳು, ತಮಿಳು, ತೆಲುಗು, ಮಲಯಾಳದ ದಾಯಾದಿಗಳು ಸಾಲಾಗಿ ಬಂದು ನಿಲ್ಲುತ್ತಾರೆ. ಡಾರ್ಡ್‌ಗೆ ಹಾಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. 1939ರ ಫೆಬ್ರವರಿ 28ರಂದು ವೆಬ್‌ಸ್ಟರಿನ ಸಂಪಾದಕರೊಬ್ಬರಿಗೆ ಅನುಮಾನ ಬಂದದ್ದೇ ಇದರಿಂದ. ಹಳೆಯ ಚೀಟಿಗಳನ್ನು ಕೆದಕಿದರು.

1931ರ ಜುಲೈ 31ರ ಚೀಟಿಯೊಂದು ಸಿಕ್ಕಿತು. ರಸಾಯನಶಾಸ್ತ್ರದ ಸಂಪಾದಕ ಆಸ್ಟಿನ್ ಪ್ಯಾಟರ್‌ಸನ್ ಕಳಿಸಿದ್ದು. ಅವರು ಹೇಳಹೊರಟದ್ದು ಇಷ್ಟೇ: ದೊಡ್ಡ 'ಡಿ' ಅಥವಾ ಚಿಕ್ಕ 'ಡಿ', ಸಾಂದ್ರತೆಯ ಸಂಕ್ಷೇಪ. ಇಂಗ್ಲಿಷಿನ 'ಅಥವಾ' ಎರಡೇ ಅಕ್ಷರ, ಓ ಮತ್ತು ಆರ್. ಆ ಕಚೇರಿಯಲ್ಲೋ, ಮುಖ್ಯಪದಗಳನ್ನು ಅಕ್ಷರ ಅಕ್ಷರ ಬಿಡಿಸಿ ಟೈಪು ಮಾಡುವ ರೂಢಿ. ಡಿ, ಓ, ಆರ್, ಡಿ. ನೋಡಿದವರ ಕಣ್ಣಿಗೆ ಒಂದೇ ಪದ! ಸಂಕ್ಷೇಪಗಳ ಪಟ್ಟಿಗೆ ಹೋಗಬೇಕಿದ್ದ ಚೀಟಿ ಪದಗಳ ಪಂಕ್ತಿಯಲ್ಲಿ ಊಟಕ್ಕೆ ಕೂತುಬಿಟ್ಟಿತು. ಅಕ್ಕಿ ಬೇಳೆಯ ಚೀಟಿಯಲ್ಲಿ 'ಹೆಸರು ಅಥವಾ ತೊಗರಿ' ಎಂದು ಬರೆದುಕೊಟ್ಟರೆ ಮನೆಗೆ ಮೂರನೆಯದೇ ಬೇಳೆ ಬಂದ ಹಾಗೆ. ಅದು ನಮ್ಮ ಮನೆಯಲ್ಲಿ ಆಗಿದೆ, ತಂದವನು ನಾನೇ.

ತಪ್ಪು ಗೊತ್ತಾದ ಮೇಲೂ ಡಾರ್ಡ್ ತಕ್ಷಣ ಜಾಗ ಬಿಡಲಿಲ್ಲ. 1947ರ ಮುದ್ರಣದ ಹೊತ್ತಿಗೆ ಕಾಣೆಯಾಗಿತ್ತು. 1954ರಲ್ಲಿ ಈ ಕಥೆಯನ್ನು ಬರೆದ ಸಂಪಾದಕ ಫಿಲಿಪ್ ಗೋವ್, ಸಾಂದ್ರತೆಗೆ ಡಾರ್ಡ್ ಅಂದರೆ ಏನೀಗ ಎಂಬ ಧಾಟಿಯಲ್ಲಿ ಮರುಗಿದ್ದರು. ನನ್ನ ವೋಟೂ ಅವರಿಗೇ. ಡಾರ್ಡ್, ಡಾರ್ಡ್ ಎಂದು ನಾಲ್ಕು ಸಲ ಹೇಳಿ ನೋಡಿ, ತಲೆದಿಂಬಿನಷ್ಟು ದಪ್ಪಗೆ ಕೇಳಿಸುವುದಿಲ್ಲವೇ?

ಹಳೆ ಪುಸ್ತಕದಂಗಡಿಯಲ್ಲಿ ಆ ಕಾಲದ ವೆಬ್‌ಸ್ಟರ್ ಕಣ್ಣಿಗೆ ಬಿದ್ದರೆ ಮೊದಲು 771ನೇ ಪುಟ ತೆಗೆಯಿರಿ. ಡಾರ್ಡ್ ಇದ್ದರೆ ಚೌಕಾಸಿ ಮಾಡದೆ ಕೊಂಡುಬಿಡಿ. ಹೊರಲಾರದಿದ್ದರೆ ನನಗೊಂದು ಮಾತು ಹೇಳಿ.