ನಿಧಾನ ಎನ್ನುವುದು ಯಾರ ಲೆಕ್ಕ?

ಸೊನ್ನ ಎಂದರೆ ಬೆಂಗಳೂರಿನ ಗೆಳೆಯರಿಗೆ ಸೊನ್ನೆ ಎಂದು ಕೇಳಿಸುತ್ತದೆ. ಕಲಬುರಗಿ ಜಿಲ್ಲೆಯವರಿಗೆ ಹೇಳಿದರೆ ‘ಯಾವ ಸೊನ್ನ?’ ಎನ್ನುತ್ತಾರೆ, ಜೇವರ್ಗಿ ತಾಲೂಕಿನಲ್ಲೂ ಒಂದಿದೆ. ನಾನು ಹೇಳುತ್ತಿರುವುದು ಅಫಜಲಪುರ ತಾಲೂಕಿನ, ಭೀಮಾ ನದಿಗೆ ಬ್ಯಾರೇಜ್ ಕಟ್ಟಿರುವ ಸೊನ್ನ. ಅಂಥದೊಂದು ಬ್ಯಾರೇಜಿನ ಗೇಟುಗಳ ನಡುವೆ ನಿಲ್ಲುವ ಕಾಂಕ್ರೀಟ್ ಕಂಬವನ್ನು ಸರಳಗೊಳಿಸಿ ನನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದೇನೆ. ಭಾರ ಬದಲಾಗುತ್ತಾ ಹೋದಂತೆ ಅದು ಹೇಗೆ ಅಲುಗುತ್ತದೆ ಎನ್ನುವುದೇ ನನ್ನ ಸಂಶೋಧನೆ.

ಕೆಲಸದ ತಿರುಳು ಸರಳ. ಇಡೀ ಕಂಬಕ್ಕೆ ಒಂದೇ ಸಮೀಕರಣ ಬರೆದು ಬಿಡಿಸಲಾಗದು. ಆದ್ದರಿಂದ ಅದನ್ನು ಸಾವಿರಾರು ಸಣ್ಣ ತುಂಡುಗಳಾಗಿ ಒಡೆಯುತ್ತೇವೆ. ಪ್ರತಿ ತುಂಡೂ ತನ್ನ ನೆರೆಯ ತುಂಡುಗಳೊಂದಿಗೆ ಮಾತ್ರ ಮೂಲೆ ಹಂಚಿಕೊಳ್ಳುತ್ತದೆ. ಹಾಗಾಗಿ ಲೆಕ್ಕದ ದೊಡ್ಡ ಕೋಷ್ಟಕದಲ್ಲಿ ಬಹುಪಾಲು ಮನೆಗಳು ಸೊನ್ನೆಯೇ. ಆ ಸೊನ್ನೆಗಳಿಂದಾಗಿಯೇ ಕಂಪ್ಯೂಟರಿಗೆ ಕೆಲಸ ಸಾಧ್ಯ. ಈ ವಿಧಾನಕ್ಕೆ ‘ಫೈನೈಟ್ ಎಲಿಮೆಂಟ್’ ಎಂಬ ಹೆಸರನ್ನು 1960ರಲ್ಲಿ ಕೊಟ್ಟವರು ಅಮೆರಿಕದ ರೇ ಕ್ಲಫ್. ಕಾಲವನ್ನೂ ಹೀಗೆಯೇ ಹೆಜ್ಜೆ ಹೆಜ್ಜೆಯಾಗಿ ಒಡೆಯಬೇಕು; ಅದಕ್ಕೆ 1959ರಲ್ಲಿ ನಾಥನ್ ನ್ಯೂಮಾರ್ಕ್ ಕೊಟ್ಟ ದಾರಿಯನ್ನು ಇಂದಿಗೂ ಹಿಡಿಯುತ್ತೇವೆ.

ಕಾಲ ಏಕೆ ಬೇಕು? ನಿಧಾನವಾಗಿ ಇಟ್ಟ ಭಾರಕ್ಕೆ ಕಟ್ಟಡ ಬಾಗಿ ಸುಮ್ಮನಾಗುತ್ತದೆ. ಅದೇ ಭಾರವನ್ನು ಒಮ್ಮೆಲೇ ಬಿಟ್ಟರೆ, ಸರಳ ಲೆಕ್ಕದಲ್ಲಿ, ಅದು ದುಪ್ಪಟ್ಟು ಬಾಗಿ ತೂಗಾಡತೊಡಗುತ್ತದೆ. ಭಾರ ಎಷ್ಟು ಎನ್ನುವುದರ ಜೊತೆಗೆ ಅದು ಯಾವ ವೇಗದಲ್ಲಿ ಬಂತು ಎನ್ನುವುದೂ ಮುಖ್ಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾದಾಗ ಭಾರ ಬದಲಾದದ್ದು ಕ್ಷಣದಲ್ಲಿ. 1967ರ ಡಿಸೆಂಬರ್ 11ರ ಭೂಕಂಪಕ್ಕೆ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಲ್ಲಿ ಬಿರುಕು ಬಿಟ್ಟದ್ದು ಗೋಡೆಯ ಇಳಿಜಾರು ಬದಲಾಗುವ ಕುತ್ತಿಗೆಯ ಹತ್ತಿರ. ಇಂದಿಗೂ ಜಗತ್ತಿನ ಎಷ್ಟೋ ಸಂಶೋಧಕರು ತಮ್ಮ ಪ್ರೋಗ್ರಾಮ್ ಸರಿಯಿದೆಯೇ ಎಂದು ನೋಡುವುದು ಅದು ಕೊಯ್ನಾದ ಬಿರುಕನ್ನು ಸರಿಯಾದ ಜಾಗದಲ್ಲಿ ತೋರಿಸುತ್ತದೆಯೇ ಎಂಬುದರಿಂದ. ನಮ್ಮ ಸೀಮೆಗೂ ನಡುಕ ಹೊಸದಲ್ಲ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಆಳಂದದ ಉತ್ತರಕ್ಕೆ, ಗಡಿಯಾಚೆ ನಡೆದದ್ದು.

ಹಾಗಾಗಿ ನನ್ನ ಕಂಬಕ್ಕೆ ಮೊದಲು ಕೊಟ್ಟದ್ದು ಭೂಕಂಪ. ಅದರ ಸಹಜ ತೂಗಾಟದ ಅವಧಿ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ಹೆಜ್ಜೆ 0.005 ಸೆಕೆಂಡ್ ಇಟ್ಟರೆ 20 ಸೆಕೆಂಡಿನ ನಡುಕಕ್ಕೆ 4,000 ಹೆಜ್ಜೆ. ಲ್ಯಾಬಿನ ಕಂಪ್ಯೂಟರು ಅದನ್ನು ಒಂದು ರಾತ್ರಿಯಲ್ಲಿ ಮುಗಿಸುತ್ತದೆ.

ಆಮೇಲೆ ಪ್ರವಾಹ. 2020ರ ಅಕ್ಟೋಬರಿನಲ್ಲಿ ಮೇಲೆ ಭಾರಿ ಮಳೆಯಾಗಿ, ಉಜನಿ ಮತ್ತು ವೀರ್ ಜಲಾಶಯಗಳಿಂದ ಬಿಟ್ಟ ನೀರು ಲಕ್ಷಗಟ್ಟಲೆ ಕ್ಯೂಸೆಕ್ ಲೆಕ್ಕದಲ್ಲಿ ಭೀಮೆಗೆ ಬಂತು. ಸೊನ್ನದ ಗೇಟು ದಾಟಿದ ನೀರು ದಂಡೆಯ ಊರುಗಳಿಗೆ ನುಗ್ಗಿತು. ಈ ನೀರನ್ನು ನನ್ನ ಲೆಕ್ಕಕ್ಕೆ ಹೇಗೆ ಸೇರಿಸುವುದು? ನೀರು ಏರಲು 12 ಗಂಟೆ ಎಂದುಕೊಂಡರೂ ಅದೇ ಹೆಜ್ಜೆಯಲ್ಲಿ 86 ಲಕ್ಷಕ್ಕೂ ಹೆಚ್ಚು ಬಾರಿ ಲೆಕ್ಕ ಮಾಡಬೇಕು. ಯಾರೂ ಹಾಗೆ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಸೆಕೆಂಡಿಗೆ ಹತ್ತು ಸಲ ತೂಗುವ ಕಂಬಕ್ಕೆ ಗಂಟೆಗಟ್ಟಲೆ ಏರುವ ನೀರು ನಿಂತ ನೀರೇ. ಪಠ್ಯಪುಸ್ತಕದ ಮಾತಿನಲ್ಲಿ ಅದು ಸ್ಥಿರ ಭಾರ. ಹರಿವಿನ ಸುಳಿಗಳು ಗೇಟನ್ನು ನಡುಗಿಸಬಹುದು, ಅದು ಬೇರೆ ಅಧ್ಯಾಯ. ನೀರಿನ ಏರಿಕೆಯನ್ನು ಮಾತ್ರ ಕಂಬ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಈ ವಾಕ್ಯ ತಾಂತ್ರಿಕವಾಗಿ ಪೂರ್ತಿ ಸರಿ. ಆದರೂ ಅದನ್ನು ಬರೆದಾಗಿನಿಂದ ನನಗೆ ನೆಮ್ಮದಿಯಿಲ್ಲ. ಬ್ಯಾರೇಜ್ ನೋಡಲು ಹೋದಾಗ ದಂಡೆಯ ಹೊಲದಲ್ಲಿ ಸಿಕ್ಕ ಒಬ್ಬ ಹಿರಿಯರಿಗೆ ನನ್ನ ಕೆಲಸ ವಿವರಿಸಿದ್ದೆ. ಕೇಳಿಸಿಕೊಂಡು ಅವರು ಅಂದರು: “ತಮ್ಮಾ, ಕಂಬಕ್ಕೇನೂ ಆಗಲ್ಲ ಬಿಡು. ನೀರು ಯಾವಾಗ ಬರ್ತದ ಅಂತ ನಿನ್ನ ಕಂಪ್ಯೂಟರ್ ಹೇಳ್ತದೇನು?”

“ಅದು ಬ್ಯಾರೆ ಲೆಕ್ಕ ಮುತ್ಯಾ,” ಅಂದೆ.

“ನಮಗ ಅದೊಂದೇ ಲೆಕ್ಕ,” ಅಂದರು.

ಅವರ ಕಬ್ಬಿಗೆ, ತೊಗರಿಗೆ, ದಂಡೆಯಲ್ಲಿಟ್ಟ ಪಂಪಿನ ಮೋಟರಿಗೆ ಆ ನೀರು ಸ್ಥಿರ ಭಾರವಲ್ಲ. ಮೋಟರು ಬಿಚ್ಚಿ ಮೇಲೆ ಸಾಗಿಸಲು, ದನಗಳ ಹಗ್ಗ ಬಿಚ್ಚಲು, ಮುದುಕರನ್ನು ಎತ್ತರದ ಜಾಗಕ್ಕೆ ಕರೆದೊಯ್ಯಲು ಗಂಟೆಗಳು ಬೇಕು. ಅಷ್ಟರೊಳಗೆ ಏರಿ ಬರುವ ನೀರು ಒಂದು ಊರಿನ ಪಾಲಿಗೆ ಒಮ್ಮೆಲೇ ಬಿದ್ದ ಭಾರವೇ. ನಿಧಾನವೋ ವೇಗವೋ ಎನ್ನುವುದು ನೀರೊಂದರ ಗುಣವಲ್ಲ. ಅದನ್ನು ತಾಳಿಕೊಳ್ಳುವವರ ಅವಧಿಯ ಜೊತೆ ಹೋಲಿಸಿ ಹೇಳುವ ಮಾತು. ಇದನ್ನು ನನಗೆ ಕಲಿಸಿದ್ದು ನನ್ನದೇ ವಿಷಯ. ಕಂಬಕ್ಕೆ ಅನ್ವಯಿಸಿದ ಆ ನಿಯಮವನ್ನು ಊರಿಗೂ ಅನ್ವಯಿಸಿ ನೋಡೆಂದು ಯಾವ ಪುಸ್ತಕವೂ ಕೇಳಿರಲಿಲ್ಲ, ಅಷ್ಟೆ.

ಮುತ್ಯಾ ಕೇಳಿದ ಲೆಕ್ಕ ಅಸಾಧ್ಯವೇನಲ್ಲ. ನದಿಯನ್ನೂ ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ಮೇಲಿನಿಂದ ಎಷ್ಟು ಬಂತು, ಕೆಳಕ್ಕೆ ಎಷ್ಟು ಹೋಯಿತು ಎಂದು ಹೆಜ್ಜೆ ಹೆಜ್ಜೆಯಾಗಿ ಕೂಡಿ ಕಳೆಯಬಹುದು. ಅದರ ಮೂಲ ಸಮೀಕರಣಗಳನ್ನು ಫ್ರಾನ್ಸಿನ ಸೇಂಟ್ ವೆನಾಂ 1871ರಲ್ಲೇ ಬರೆದಿಟ್ಟಿದ್ದಾರೆ. ಅಲ್ಲಿ ಬೇಕಾಗುವುದು ಕಾಂಕ್ರೀಟಿನ ಗುಣವಲ್ಲ, ನದಿಪಾತ್ರದ ಅಳತೆ ಮತ್ತು ಮೇಲಿನ ಜಲಾಶಯದವರು ಎಷ್ಟು ನೀರು, ಯಾವಾಗ ಬಿಟ್ಟರು ಎಂಬ ಸುದ್ದಿ. ಗಡಿ ದಾಟಿ ಬರುವ ನದಿಗೆ ಆ ಸುದ್ದಿ ನೀರಿಗಿಂತ ಮುಂಚೆ ಬರಬೇಕು.

ಪ್ರಬಂಧಕ್ಕೆ ಈಗ ಒಂದು ಸಣ್ಣ ಅಧ್ಯಾಯ ಸೇರಿಸುತ್ತಿದ್ದೇನೆ. ಕಂಬದ ಹೆಜ್ಜೆ 0.005 ಸೆಕೆಂಡ್, ನದಿಯ ಹೆಜ್ಜೆ ಹತ್ತು ನಿಮಿಷ. ಮೊದಲನೆಯದರ ಉತ್ತರ ಮಿಲಿಮೀಟರಿನಲ್ಲಿ ಬರುತ್ತದೆ, ಎರಡನೆಯದರದು ಗಂಟೆಗಳಲ್ಲಿ. ಆ ಗಂಟೆಗಳೊಳಗೆ ಒಂದು ಮೋಟರು ದಂಡೆ ಹತ್ತಬೇಕು.